ಏರಿಯ ಮೇಲಿನ ದಾರಿ



ಈ ಸ್ಮರಣ ಸಂಚಿಕೆಗಾಗಿ ಶಾಲೆಯ ಅಭಿವೃದ್ಧಿಯನ್ನು ಕುರಿತು ಕೆಲವು ಪುಟಗಳನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ನನ್ನನ್ನು ಕೇಳಿಕೊಂಡರು. ಕಟ್ಟಡ, ಪ್ರಯೋಗಶಾಲೆ, ಪರೀಕ್ಷೆಯ ಫಲಿತಾಂಶ ಇವುಗಳ ವಿಷಯವಾಗಿ ನನ್ನ ಸಹೋದ್ಯೋಗಿಗಳು ಬೇರೆ ಪುಟಗಳಲ್ಲಿ ವಿವರವಾಗಿ ಬರೆದಿರುವದರಿಂದ, ಅದನ್ನೇ ನಾನು ಮತ್ತೊಮ್ಮೆ ಹೇಳಿದರೆ ವಾಚಕರಿಗೆ ಬೇಸರವಾದೀತು. ಆದಕಾರಣ ಶಾಲೆಯ ಒಳಗಿನ ಸಂಗತಿಯನ್ನು ಬಿಟ್ಟು, ಶಾಲೆಗೆ ಬರುವ ಒಂದು ದಾರಿಯ ಸಂಗತಿಯನ್ನು ಬರೆಯಬೇಕೆಂದು ಮನಸ್ಸು ಮಾಡಿದ್ದೇನೆ. ಆ ದಾರಿಯನ್ನು ನಾನು ನನ್ನ ನಾಲ್ವತ್ತನಾಲ್ಕನೆಯ ವಯಸ್ಸಿನಲ್ಲಿ, ಸೈಕಲ್ಲಿನ ಮೇಲೆ ಕುಳಿತು, ಮೊದಲನೆಯ ಸಲ ಕಂಡೆನು. ನಗುವವರು ಈಗಲೇ ನಕ್ಕುಬಿಡಬಹುದು.

ಹಳೆಯ ವಿದ್ಯಾರ್ಥಿನಿಯರಿಗೆ ನನ್ನ ನೆನಪು ಬಂದರೆ ಗೇಟಿನ ನೆನಪೂ ಬರುವದೆಂಬುದನ್ನು ಬಲ್ಲೆನು. ಬೆಳಿಗ್ಗೆ ಒಂಬತ್ತೂವರೆಗೆ ಗಂಟೆ ಬಾರಿಸಿದ ಕೂಡಲೆ ಗೇಟು ಮುಚ್ಚತಕ್ಕದ್ದು; ತಡವಾಗಿ ಬಂದವಳು ಪ್ರಾರ್ಥನೆ ಮುಗಿಯುವ ತನಕ ಹೊರಗೆ ನಿಂತು, ಬಳಿಕ ನನ್ನ ಕೋಣೆಗೆ ಬಂದು ಕಾರಣ ಹೇಳಿ, ಹಾಜರಿ ಪುಸ್ತಕದಲ್ಲಿ ಕೆಂಪು ಗುರುತು ಹಾಕಿಸಿಕೊಂಡು ತರಗತಿಗೆ ಹೋಗತಕ್ಕದ್ದು. ಮೂರು ಕೆಂಪು ಗುರುತುಗಳಾದರೆ ಪಾಲಕರನ್ನು ಕರೆದುಕೊಂಡು ಬರಬೇಕು. ನಾನು ಹುಡುಗಿಯಾಗಿ ಕಲಿತ ಮಿಶನ್ ಶಾಲೆಯಲ್ಲಿಯೂ ಇದೇ ನಿಯಮವಿತ್ತು. ಟ್ರೇನಿಂಗ್ ಕಾಲೇಜಿನಲ್ಲಿ ಕಾಲನಿಷ್ಠೆಯ ವಿಷಯವಾಗಿ ನಾನು ಬರೆದ ಪ್ರಬಂಧಕ್ಕೆ ಒಳ್ಳೆಯ ಅಂಕಗಳೂ ಬಂದಿದ್ದವು. ಹೀಗಾಗಿ ಗೇಟಿನ ಒಳಗೆ ನಿಂತು ಗಡಿಯಾರವನ್ನು ನೋಡುವದು ನನಗೆ ರೂಢಿಯಾಗಿ ಹೋಗಿತ್ತು. ಗೇಟಿನ ಹೊರಗಿನ ದಾರಿ ಎಷ್ಟು ದೂರದಿಂದ, ಎಂಥೆಂಥ ನೀರು ಕೆಸರುಗಳನ್ನು ದಾಟಿಕೊಂಡು ಬರುತ್ತದೆಂಬುದನ್ನು ನಾನು ಎಂದೂ ಕೇಳಿದವಳಲ್ಲ.

2022ರ ಆಷಾಢಮಾಸದಲ್ಲಿ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯ ಹೆಸರಿನ ಮುಂದೆ ಐದು ಕೆಂಪು ಗುರುತುಗಳಾದವು. ಪಾಲಕರು ಬರಲಿಲ್ಲ. ಮುಂದೆ ಕೆಂಪು ಗುರುತುಗಳು ನಿಂತು ಗೈರುಹಾಜರಿಯ ಗುರುತುಗಳು ಪ್ರಾರಂಭವಾದವು. ಒಂದಾದ ಮೇಲೊಂದರಂತೆ ಹನ್ನೊಂದು ದಿನ. ಹುಡುಗಿಯು ಧರ್ಮಾ ಕಾಲುವೆಯ ಮೇಲಿನ ಒಂದು ಸಣ್ಣ ಹಳ್ಳಿಯವಳು. ಹಾನಗಲ್ಲಿಗೆ ಕಾಲುವೆಯ ದಂಡೆಯಿಂದ ಬಂದರೆ ಆರೇಳು ಕಿಲೋಮೀಟರು, ಬಸ್ಸಿನ ದಾರಿಯಿಂದ ಬಂದರೆ ಅದಕ್ಕೂ ಹೆಚ್ಚು. ಗಣಿತದಲ್ಲಿ ಜಾಣೆ. ವರ್ಗಶಿಕ್ಷಕಿಯು ನನ್ನ ಕೋಣೆಗೆ ಬಂದು, ಇವಳ ಹೆಸರನ್ನೂ ಅಕ್ಕನ ಹೆಸರಿನ ಹಾಗೆ ಕಡಿಮೆ ಮಾಡಬೇಕಾದೀತೇನೋ ಎಂದಳು. ಅಕ್ಕ ಯಾರೆಂದು ಕೇಳಿದೆನು. ಆಕೆ ಜನರಲ್ ರಜಿಸ್ಟರನ್ನು ತೆರೆದು ತೋರಿಸಿದಳು. ಅಲ್ಲಿ ಆ ಅಕ್ಕನ ಹೆಸರಿನ ಮೇಲೆ ಕೆಂಪು ಗೆರೆಯಿತ್ತು. ಪಕ್ಕದಲ್ಲಿ ನನ್ನ ಸಹಿಯಿತ್ತು.

ಆ ಗೆರೆ ಬಿದ್ದ ಕಾಲವನ್ನು ಪಾಲಕರು ಮರೆತಿರಲಾರರು. 2020ರ ಮಾರ್ಚದಲ್ಲಿ ಮಹಾಮಾರಿಯ ದೆಸೆಯಿಂದ ಶಾಲೆಗಳು ಮುಚ್ಚಿದವು. ಹತ್ತನೆಯ ತರಗತಿಯವರಿಗೆ 2021ರ ಜನವರಿಯಲ್ಲಿ ಪಾಠಗಳು ತಿರುಗಿ ಪ್ರಾರಂಭವಾದಾಗ ಕೆಲವು ಮಕ್ಕಳು ಮರಳಿ ಬರಲೇ ಇಲ್ಲ, ಅವರಲ್ಲಿ ಇವಳೊಬ್ಬಳು. ನಾವು ಎರಡು ಸಲ ಫೋನು ಮಾಡಿಸಿ, ಉತ್ತರ ಬಾರದಿರಲು ಹೆಸರು ಕಡಿಮೆ ಮಾಡಿದೆವು. ಆ ವರ್ಷದ ಜುಲೈ ತಿಂಗಳಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ಎರಡೇ ದಿನಗಳಲ್ಲಿ ಮುಗಿಸಿ, ಕುಳಿತವರನ್ನು ಹೆಚ್ಚುಕಡಿಮೆ ಎಲ್ಲರನ್ನೂ ತೇರ್ಗಡೆ ಮಾಡಿದರು. ಆ ಹುಡುಗಿಯ ಹೆಸರು ರಜಿಸ್ಟರಿನಲ್ಲಿ ಉಳಿದು, ಆಕೆ ಆ ಎರಡು ದಿನ ಬಂದು ಕುಳಿತಿದ್ದರೆ ಸಾಕಾಗಿತ್ತು. ಈ ಲೆಕ್ಕವನ್ನು ಹಾಕಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಮರುದಿನ ಶನಿವಾರ ಶಾಲೆ ಬಿಟ್ಟ ಮೇಲೆ ವರ್ಗಶಿಕ್ಷಕಿಯನ್ನು ಕರೆದುಕೊಂಡು ಒಂದು ಆಟೋ ಮಾಡಿ ಆ ಹಳ್ಳಿಗೆ ಹೋದೆನು. ತಂದೆ ಕೂರಿಗೆಯನ್ನು ಒಳಗೆ ಎತ್ತಿಡುತ್ತಿದ್ದರು. ನಮ್ಮ ಹಾನಗಲ್ಲ ಸೀಮೆಯಲ್ಲಿ ಭತ್ತವನ್ನು ಸಸಿ ಹಚ್ಚುವದಕ್ಕಿಂತ ಕೂರಿಗೆಯಿಂದ ಬಿತ್ತುವ ವಾಡಿಕೆ ಹಳೆಯದೆಂಬುದು ಇಲ್ಲಿಯವರಿಗೆ ಗೊತ್ತಿದ್ದದ್ದೇ. ಚಾಪೆ ಹಾಸಿದರು, ಚಹಾ ಬಂದಿತು. ಹುಡುಗಿ ಬಾಗಿಲ ಮರೆಯಲ್ಲಿ ನಿಂತಿದ್ದಳು. ಅವಳ ಹಿಂದೆ ಅಕ್ಕನೂ ನಿಂತಿದ್ದಳು. ನಾನು ಶಿಕ್ಷಣದ ಮಹತ್ವವನ್ನು ಕುರಿತು ಮಾತಾಡತೊಡಗಿದೆನು. ತಂದೆ ಸ್ವಲ್ಪ ಹೊತ್ತು ಕೇಳಿ, ಮೆಲ್ಲಗೆ ಅಂದರು:

“ಅಕ್ಕಾರ, ಹುಡುಗಿ ಶಾಣ್ಯಾ ಅದಾಳ ಅಂಬೂದು ನನಗೂ ಗೊತ್ತೈತ್ರಿ. ಆದ್ರ ಮುಂಜಾನಿ ಬಸ್ಸು ನಿಂತು ತಿಂಗಳಾತು. ನಡಕೋಂತ ಬಂದ್ರ ತಡಾ ಆಗತೈತಿ, ತಡಾ ಆದ್ರ ನೀವು ಹೊರಗ ನಿಲ್ಲಸ್ತೀರಿ. ಸೈಕಲ್ಲ ಐತಿ. ಆದ್ರ ಕಾಲವಿ ದಾರ್ಯಾಗ ಒಬ್ಬಾಕಿನ್ನ ಹ್ಯಾಂಗ ಕಳಸ್ಲಿ? ನಾಳಿ ಏನಾರ ಆದ್ರ ಊರು ನನ್ನ ಕೇಳತೈತಿ, ನಿಮ್ಮನ್ನ ಕೇಳೂದಿಲ್ಲ.”

“ಆ ದಾರಿ ಅಷ್ಟು ಕೆಟ್ಟದ್ದೇನ್ರಿ ಅಣ್ಣಾರ?” ಎಂದೆನು.

“ನೀವು ಎಂದಾರ ಆ ದಾರೀಲೆ ಬಂದೀರೇನ್ರಿ?”

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದಾಗ ಮಾಸ್ತರಿಕೆಯವರು ಏನಾದರೊಂದು ಅಂದುಬಿಡುವದುಂಟು. ನಾನೂ ಹಾಗೆಯೇ, “ಹಾಗಾದರೆ ನಾನೇ ನಿಮ್ಮ ಮಗಳ ಕೂಡ ಆ ದಾರಿಯಿಂದ ಸೈಕಲ್ಲಿನ ಮೇಲೆ ಬರುತ್ತೇನೆ, ನೋಡಿದ ಮೇಲೆ ಇಬ್ಬರೂ ಮಾತಾಡೋಣ” ಎಂದುಬಿಟ್ಟೆನು. ವರ್ಗಶಿಕ್ಷಕಿ ನನ್ನ ಮುಖವನ್ನು ನೋಡಿದಳು. ನನಗೆ ಸೈಕಲ್ಲು ಬರುತ್ತಿರಲಿಲ್ಲ.

ಬಾರದ್ದಕ್ಕೆ ಒಂದು ಕಾರಣವುಂಟು. ನನ್ನ ತಂದೆಯವರು ಹಳ್ಳಿಯ ಶಾಲೆಯ ಮಾಸ್ತರರು. ಅವರದೊಂದು ಹರ್ಕ್ಯುಲಿಸ್ ಸೈಕಲ್ಲಿತ್ತು. ಚಿಕ್ಕವಳಿದ್ದಾಗ ಅದರ ಮುಂದಿನ ದಾಂಡಿನ ಮೇಲೆ ಟವೆಲು ಸುತ್ತಿ ನನ್ನನ್ನು ಕೂರಿಸಿಕೊಂಡು ಹೋಗುತ್ತಿದ್ದರು. ಕಲಿಯಬೇಕೆಂಬ ಆಶೆ ಬಂದ ವಯಸ್ಸಿನಲ್ಲಿ ನಾನು ವಸತಿಗೃಹಕ್ಕೆ ಬಂದೆನು. ಅಲ್ಲಿಯ ಮೇಲ್ವಿಚಾರಕರು, ಹೆಣ್ಣುಮಕ್ಕಳು ಸೈಕಲ್ಲು ತುಳಿಯುವದು ಮರ್ಯಾದೆಯ ಲಕ್ಷಣವಲ್ಲವೆಂದು ಹೇಳಿದರು. ನಾನು ಆ ಮಾತನ್ನು ಮೂವತ್ತು ವರ್ಷ ಹಾಗೆಯೇ ಇಟ್ಟುಕೊಂಡಿದ್ದೆನು.

ನಮ್ಮ ದೈಹಿಕ ಶಿಕ್ಷಣದ ಶಿಕ್ಷಕಿಯು ಮಕ್ಕಳು ಮನೆಗೆ ಹೋದ ಮೇಲೆ ಸಾಯಂಕಾಲ ಐದಕ್ಕೆ ಅಂಗಳದಲ್ಲಿ ನನಗೆ ಪಾಠ ಹೇಳತೊಡಗಿದಳು. ಸೀರೆಯನ್ನು ಬಿಟ್ಟು ಚೂಡಿದಾರ ತೊಟ್ಟೆನು. ಆಕೆಯ ಮೊದಲನೆಯ ಕ್ರಮವೇನಂದರೆ, ಪೆಡಲುಗಳನ್ನು ಬಿಚ್ಚಿಟ್ಟು, ಸೀಟನ್ನು ಎರಡೂ ಪಾದಗಳು ನೆಲಕ್ಕೆ ಮುಟ್ಟುವಷ್ಟು ಇಳಿಸಿ, ಕಾಲಿನಿಂದ ನೆಲವನ್ನು ಒದ್ದುಕೊಂಡೇ ಹೋಗುವದು. ಹಾಗೆ ಹೋಗುತ್ತ ಹೋಗುತ್ತ ಕಾಲುಗಳನ್ನು ಎತ್ತಿ ಹಿಡಿದರೆ ಗಾಡಿಯು ತಾನೇ ನಾಲ್ಕು ಮಾರು ಉರುಳುವದು; ಆಗ ಯಾವ ಕಡೆಗೆ ಬೀಳುತ್ತೇವೋ ಅದೇ ಕಡೆಗೆ ಹ್ಯಾಂಡಲ್ಲನ್ನು ತುಸು ತಿರುಗಿಸಬೇಕು. ನನಗೆ ಇದು ಬುದ್ಧಿಗೆ ವಿರುದ್ಧವಾಗಿ ತೋರಿತು. ಬೀಳುವ ಕಡೆಗೆ ತಿರುಗಿಸಿದರೆ ಇನ್ನೂ ಬೇಗ ಬೀಳಬೇಕಲ್ಲವೇ? ನಮ್ಮ ವಿಜ್ಞಾನ ಶಿಕ್ಷಕಿ ಕಟ್ಟೆಯ ಮೇಲೆ ಕುಳಿತು ಅದನ್ನು ಬಿಡಿಸಿ ಹೇಳಿದಳು: ವಾಲಿದ ಕಡೆಗೆ ಚಕ್ರ ತಿರುಗಿದಾಗ, ಆಧಾರವು ಓಡಿಬಂದು ಮೈಭಾರದ ಕೆಳಗೆ ನಿಲ್ಲುತ್ತದೆ, ಅದಕ್ಕಾಗಿಯೇ ನಿಂತ ಸೈಕಲ್ಲು ಬೀಳುತ್ತದೆ, ಓಡುವ ಸೈಕಲ್ಲು ಬೀಳುವದಿಲ್ಲ. ವಿವರಣೆ ತಿಳಿಯಿತು. ಆದರೂ ಮೂರನೆಯ ದಿನ ದಾಸವಾಳದ ಬೇಲಿಯೊಳಗೆ ಬಿದ್ದು ಮೊಣಕಾಲು ಒಡೆದುಕೊಂಡೆನು. ಮರುದಿನ ಬೆಳಿಗ್ಗೆ ಕುಂಟುತ್ತ ಗೇಟಿಗೆ ಬಂದಾಗ ಐದು ನಿಮಿಷ ತಡವಾಗಿತ್ತು. ಹುಡುಗಿಯರು ನನ್ನನ್ನು ನೋಡಲಿಲ್ಲವೆಂಬಂತೆ ನಟಿಸಿದರು. ಅದು ಅವರ ದೊಡ್ಡತನ.

ಪೆಡಲಿಲ್ಲದ ಸೈಕಲ್ಲೆಂಬುದು ನಮ್ಮ ಶಿಕ್ಷಕಿ ಹೊಸದಾಗಿ ಕಂಡುಹಿಡಿದದ್ದಲ್ಲವೆಂದು ಆಮೇಲೆ ಓದಿ ತಿಳಿದೆನು. ಸೈಕಲ್ಲಿನ ಮೂಲಪುರುಷನೆನಿಸಿದ ಕಾರ್ಲ್ ಫಾನ್ ಡ್ರೈಸ್ ಎಂಬ ಜರ್ಮನನು 1817ನೆಯ ಇಸವಿಯ ಜೂನ್ 12ರಂದು ಮನ್‌ಹೈಮ್ ಊರಿನಿಂದ ಹೊರಟದ್ದು ಇಂಥ ಗಾಡಿಯ ಮೇಲೆಯೇ: ಮರದ ಎರಡು ಗಾಲಿ, ನಡುವೆ ಕೂಡುವ ಪೀಠ, ಮುಂದೆ ತಿರುಗಿಸುವ ಹಿಡಿಕೆ, ನಡೆಸುವದಕ್ಕೆ ಕಾಲಿನ ಒದೆ. ಪೆಡಲು, ಸರಪಳಿ, ಗಾಳಿ ತುಂಬಿದ ರಬ್ಬರು ಗಾಲಿ ಇವೆಲ್ಲ ಒಂದೊಂದಾಗಿ ಬಂದು, ಈಗ ನಾವು ಕಾಣುವ ರೂಪವು ಸಿದ್ಧವಾಗುವದಕ್ಕೆ 1880ರ ದಶಕವೇ ಆಗಬೇಕಾಯಿತು. ಮನ್‌ಹೈಮ್ ಇರುವದು ರೈನ್ ನದಿಯ ದಂಡೆಯಲ್ಲಿ. ಅದೇ ನದಿಯ ಮೇಲ್ಭಾಗದಲ್ಲಿರುವ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ ಮಿಶನ್ನು 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದು ಶಾಲೆಗಳನ್ನು ತೆರೆಯಿತು. ಸೈಕಲ್ಲು ಇತ್ತ ಕಡೆಗೆ ಬರುವದಕ್ಕೆ ಇನ್ನಷ್ಟು ಕಾಲ ಹಿಡಿಯಿತು. ಬೆಳಗಾವಿಯಲ್ಲಿ ಲಕ್ಷ್ಮಣರಾವ ಕಿರ್ಲೋಸ್ಕರರು ಸೈಕಲ್ಲಿನ ಅಂಗಡಿಯನ್ನಿಟ್ಟದ್ದು 1888ರಲ್ಲಿ. ಒಂದೇ ನದಿಯ ದಂಡೆಯಿಂದ ಹೊರಟ ಎರಡು ವಸ್ತುಗಳು ನಮ್ಮ ಹುಡುಗಿಯರ ಕೈಗೆ ಕೂಡಿಯೇ ಸಿಗಲಿಲ್ಲವಲ್ಲಾ ಎಂದು ಒಮ್ಮೊಮ್ಮೆ ಅನ್ನಿಸುವದುಂಟು.

ಹದಿನಾರು ದಿನಗಳ ಬಳಿಕ, ಶ್ರಾವಣದ ಒಂದು ಶನಿವಾರ ನಸುಕಿನಲ್ಲಿ, ನನ್ನ ಸೈಕಲ್ಲನ್ನು ಆಟೋದ ಹಿಂದೆ ಕಟ್ಟಿಸಿಕೊಂಡು ಮತ್ತೆ ಆ ಹಳ್ಳಿಗೆ ಹೋದೆನು. ಹುಡುಗಿಯ ಸೈಕಲ್ಲು ದನದ ಕೊಟ್ಟಿಗೆಯಿಂದ ಹೊರಗೆ ಬಂದಿತ್ತು. ಅದು ಅಕ್ಕನದು. 2006-07ನೆಯ ವರ್ಷದಿಂದ ನಮ್ಮ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ, ಮೊದಲು ಹೆಣ್ಣುಮಕ್ಕಳಿಗೂ ಬಳಿಕ ಗಂಡುಮಕ್ಕಳಿಗೂ, ಧರ್ಮಾರ್ಥವಾಗಿ ಸೈಕಲ್ಲುಗಳನ್ನು ಹಂಚುತ್ತಿತ್ತು. ಅನುದಾನಿತ ಶಾಲೆಯಾದ ನಮಗೂ ಅವು ಬರುತ್ತಿದ್ದವು. ಮಹಾಮಾರಿಯ ಕಾಲದಲ್ಲಿ ಆ ಹಂಚಿಕೆ ನಿಂತಿತು. ಅಕ್ಕನಿಗೆ 2018ರಲ್ಲಿ ಸಿಕ್ಕ ಸೈಕಲ್ಲು ತಂಗಿಗೆ ಸಿಗಲಿಲ್ಲ. ನಾವು ಹೋದಾಗ ಅಕ್ಕನು ಅದರ ಸರಪಳಿಗೆ ಎಣ್ಣೆ ಬಿಟ್ಟು, ಹಳೆಯ ಪಂಪಿನಿಂದ ಗಾಳಿ ಹಾಕಿ, ಸೀರೆಯ ಚೂರಿನಿಂದ ಒರೆಸುತ್ತಿದ್ದಳು. ನನ್ನೊಡನೆ ಮಾತಾಡಲಿಲ್ಲ. ಹೊರಡುವಾಗ ಮಾತ್ರ ನನ್ನ ಹಿಂದಿನ ಗಾಲಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, “ಗಾಳಿ ಕಡಿಮಿ ಐತ್ರಿ” ಎಂದು ಅದಕ್ಕೂ ಗಾಳಿ ಹಾಕಿದಳು.

ದಾರಿಯನ್ನು ಈಗ ಹೇಳುತ್ತೇನೆ. ಊರು ಬಿಟ್ಟೊಡನೆ ಅರ್ಧ ಮೈಲು ಡಾಂಬರು. ಆಮೇಲೆ ಕಾಲುವೆಯ ದಂಡೆಯ ಮೇಲೆ ಕೆಂಪು ಗರಸಿನ ದಾರಿ. ಧರ್ಮಾ ನದಿಯು ಮಲೆನಾಡಿನಲ್ಲಿ ಹುಟ್ಟಿ, ಮುಂಡಗೋಡ ಸೀಮೆಯಿಂದ ಹರಿದುಬಂದು, ಹಾನಗಲ್ಲನ್ನು ಮುಟ್ಟಿ, ಮುಂದೆ ಕೂಡಲದಲ್ಲಿ ವರದೆಯನ್ನು ಸೇರುತ್ತದೆಂದು ಭೂಗೋಲದ ಪಾಠದಲ್ಲಿ ಎಷ್ಟೋ ಸಲ ಹೇಳಿದ್ದೆನು. ಆದರೆ ಆ ನೀರನ್ನು ಕಾಲುವೆಗಳಲ್ಲಿ ತಿರುಗಿಸಿ, ಒಂದು ಕೆರೆಯಿಂದ ಇನ್ನೊಂದಕ್ಕೆ ಇಳಿಸುತ್ತ ತಾಲೂಕಿನ ಹತ್ತಾರು ಕೆರೆಗಳನ್ನು ತುಂಬಿಸಿದ ಹಿಂದಿನವರ ಜಾಣತನವನ್ನು ಆ ದಿನವೇ ಕಣ್ಣಾರೆ ಕಂಡೆನು. ಬಲಕ್ಕೆ ಮಣ್ಣಿನ ಬಣ್ಣದ ತುಂಬಿದ ನೀರು. ಎಡಕ್ಕೆ ದಂಡೆಯಿಂದ ಆಳುದ್ದ ಕೆಳಗೆ ಭತ್ತದ ಗದ್ದೆ, ಅದರಾಚೆ ಆಪೂಸು ಮಾವಿನ ತೋಟ, ಅಲ್ಲಲ್ಲಿ ಹೊಸದಾಗಿ ಹಚ್ಚಿದ ಅಡಿಕೆ. ಬೆಳ್ಳಕ್ಕಿಗಳು ಗದ್ದೆಯ ಬದುವಿನ ಮೇಲೆ ಸಾಲಾಗಿ ನಿಂತಿದ್ದವು. ಜಿನುಗು ಮಳೆ ಬರುತ್ತಿತ್ತು. ಹುಡುಗಿ ಮುಂದೆ, ನಾನು ಹಿಂದೆ. ಅವಳು ಒಂದು ಕೈ ಬಿಟ್ಟು ಕೊಡೆಯನ್ನೂ ಹಿಡಿಯಬಲ್ಲಳು; ನಾನು ಎರಡೂ ಕೈಗಳಿಂದ ಹ್ಯಾಂಡಲ್ಲನ್ನು ಎಮ್ಮೆಯ ಕೊಂಬಿನಂತೆ ಹಿಡಿದುಕೊಂಡು, ಮುಂದಿನ ಗಾಲಿಯನ್ನು ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ. “ಗಾಲಿ ನೋಡಬ್ಯಾಡ್ರಿ ಅಕ್ಕಾರ, ದೂರ ನೋಡ್ರಿ” ಎಂದು ಅವಳು ತಿರುಗಿ ಕೂಗಿದಳು. ದೂರ ನೋಡಿದ ಮೇಲೆ ನೆಟ್ಟಗಾದೆನು. ಮೇಲೆ ಹೇಳಿದ ಗದ್ದೆ, ತೋಟ, ಬೆಳ್ಳಕ್ಕಿಗಳೆಲ್ಲ ನನಗೆ ಕಂಡದ್ದು ಅಲ್ಲಿಂದ ಮುಂದೆಯೇ.

ತಂದೆಯ ಭಯವು ಸುಳ್ಳಲ್ಲ. ಒಂದು ತೂಬಿನ ಹತ್ತಿರ ಮೂರು ನಾಲ್ಕು ಜನ ತರುಣರು ಬೆಳಗಿನಿಂದಲೇ ಸುಮ್ಮನೆ ಕುಳಿತಿದ್ದರು. ಸುತ್ತಲೂ ಖಾಲಿ ಬಾಟಲಿಗಳು. ನನ್ನನ್ನು ಕಂಡು ಎದ್ದುನಿಂತು ನಮಸ್ಕಾರ ಮಾಡಿದರು. ಅವರಲ್ಲೊಬ್ಬನ ತಂಗಿ ನಮ್ಮ ಶಾಲೆಯವಳೇ. ಆದರೆ ಹುಡುಗಿಯೊಬ್ಬಳೇ ಆಗಿದ್ದರೆ ಅವರು ಎದ್ದು ನಿಲ್ಲುತ್ತಿದ್ದರೋ? ಅವಳನ್ನು ಕೇಳಿದೆನು. “ಏನೂ ಅನ್ನೂದಿಲ್ರಿ. ಹಾಡು ಹಾಡತಾರ” ಎಂದಳು. ಮುಂದೆ ಒಂದು ಕಡೆ ದಂಡೆ ಕುಸಿದು, ಕಾಲುವೆಯ ನೀರು ದಾರಿಯನ್ನು ಕೊಯ್ದುಕೊಂಡು ಗದ್ದೆಗೆ ಇಳಿಯುತ್ತಿತ್ತು. ಅಗಲ ನಾಲ್ಕೈದು ಮೊಳ, ಆಳ ಮೊಣಕಾಲಿನವರೆಗೆ. ಅವಳು ದಿನಾಲು ಇಲ್ಲಿ ಲಂಗವನ್ನು ಎತ್ತಿಕಟ್ಟಿ, ಪಾಟೀಚೀಲವನ್ನು ತಲೆಯ ಮೇಲಿಟ್ಟುಕೊಂಡು ದಾಟುತ್ತಿದ್ದಳಂತೆ. ಒದ್ದೆ ಬಟ್ಟೆಯಲ್ಲಿ ಶಾಲೆಗೆ ಬಂದಳೆಂದು ಅವಳನ್ನು ನಾನು ಒಮ್ಮೆ ಗದರಿಸಿದ್ದುಂಟು. ಸೈಕಲ್ಲುಗಳನ್ನು ಎತ್ತಿ ದಾಟಿಸುವದು ಹೇಗೆಂದು ಯೋಚಿಸುತ್ತ ನಿಂತಿರುವಾಗ ಹಿಂದೆ ಕೆಮ್ಮಿದ ಸಪ್ಪಳವಾಯಿತು. ತಂದೆಯವರು ತಮ್ಮ ಗಾಡಿಯನ್ನು ದೂರದಲ್ಲಿ ನಿಲ್ಲಿಸಿ ನಡೆದು ಬರುತ್ತಿದ್ದರು. ಊರಿನಿಂದಲೂ ನಮ್ಮ ಹಿಂದೆಯೇ ಬಂದಿದ್ದರೆಂದು ತೋರುತ್ತದೆ. ಏನೂ ಮಾತಾಡದೆ ಒಂದೊಂದಾಗಿ ಎರಡೂ ಸೈಕಲ್ಲುಗಳನ್ನು ಹೆಗಲ ಮೇಲೆ ಹೊತ್ತು ಆಚೆಗೆ ಇಟ್ಟು, ನೀರಿನಲ್ಲಿಯೇ ನಿಂತುಕೊಂಡು, “ಹೂಂ, ನಡೀರಿ” ಎಂದರು.

ಕಾಲುವೆಯನ್ನು ಬಿಟ್ಟು ಆನೆಕೆರೆಯ ಏರಿಗೆ ಬಂದ ಮೇಲೆ ಊರು ಕಾಣಿಸಿತು. ಕೆರೆಯ ನೀರು ಆಕಾಶದಷ್ಟೇ ಬೂದುಬಣ್ಣವಾಗಿತ್ತು. ಅದರಾಚೆ ಮನೆಗಳು, ಅವುಗಳ ನಡುವೆ ಗುಡಿಯ ಶಿಖರ. 1196ನೆಯ ಇಸವಿಯಲ್ಲಿ ಹೊಯ್ಸಳ ವೀರಬಲ್ಲಾಳನು ಇದೇ ಆನೆಕೆರೆಯಲ್ಲಿ ದಂಡನ್ನು ಇಳಿಸಿ ಊರನ್ನು ಮುತ್ತಿದನೆಂದೂ, ಹಾನಗಲ್ಲ ಕದಂಬರ ಕಾಮದೇವನ ಸೇನಾಪತಿಯಾದ ಸೋಹನಿಯು ಅವನನ್ನು ಆ ಸಲಕ್ಕೆ ಹಿಂದಕ್ಕಟ್ಟಿದನೆಂದೂ ಹಾನಗಲ್ಲಿನ ಒಂದು ವೀರಗಲ್ಲು ಹೇಳುತ್ತದೆ. ಇತಿಹಾಸವನ್ನು ಇಪ್ಪತ್ತು ವರ್ಷ ಕಲಿಸಿದ ನಾನು ಏರಿಯ ಮೇಲಿನಿಂದ ಊರನ್ನು ನೋಡಿದ್ದಿಲ್ಲ. ಏರಿಯ ಮೇಲೆ ನಿಂತವನಿಗೆ ಊರು ಎಷ್ಟು ಹತ್ತಿರವಾಗಿ, ಎಷ್ಟು ಸುಲಭವಾಗಿ ಸಿಕ್ಕೀತೆಂಬಂತೆ ಕಾಣುತ್ತದೆಂಬುದು ಪುಸ್ತಕದಲ್ಲಿಲ್ಲ. ಇಳಿಜಾರಿನಲ್ಲಿ ಬ್ರೇಕು ಹಿಡಿಯುವದನ್ನು ಮರೆತು ಒಂದು ಚಕ್ಕಡಿಯ ಹಿಂಭಾಗಕ್ಕೆ ಮುಟ್ಟಿ ನಿಂತೆನು. ಎತ್ತುಗಳು ಸಹ ಬೆದರಲಿಲ್ಲ.

ಹಳೆಯ ಪೇಟೆಯ ಓಣಿಗಳನ್ನು ದಾಟಿ ತಾರಕೇಶ್ವರ ಗುಡಿಯ ಮುಂದೆ ಬಂದಾಗ ಎಂಟೂಮುಕ್ಕಾಲು. ಸ್ವಲ್ಪ ದಣಿವಾರಿಸಿಕೊಳ್ಳೋಣವೆಂದು ಇಳಿದೆವು. ಹನ್ನೆರಡನೆಯ ಶತಮಾನದ ಚಾಲುಕ್ಯ ಕಾಲದ ಈ ಕಟ್ಟಡವು ಈಗ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಮಂಟಪದ ಮಾಡಿನಿಂದ ಕೆಳಗಿಳಿಯುವ ಕಲ್ಲಿನ ಮಹಾಕಮಲವನ್ನು ನೋಡುವದಕ್ಕೆ ದೂರದೂರದಿಂದ ಜನ ಬರುತ್ತಾರೆ. ಹುಡುಗಿ ಸೈಕಲ್ಲನ್ನು ನಿಲ್ಲಿಸಿ, ತನ್ನ ಮನೆಗೆ ಬಂದವಳ ಹಾಗೆ ಅಂಗಳದೊಳಗೆ ನಡೆದಳು. ಸಾಲಾಗಿ ನಿಲ್ಲಿಸಿದ ವೀರಗಲ್ಲುಗಳ ಹತ್ತಿರ ನನ್ನನ್ನು ಕರೆದು, ಕೆಳಗಿನ ಹಂತದಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವದು, ಮೇಲೆ ಅವನು ಶಿವನ ಸನ್ನಿಧಿಯಲ್ಲಿ ಕುಳಿತಿರುವದು, ಹೀಗೆ ಒಂದೊಂದನ್ನಾಗಿ ಬೆರಳಿಟ್ಟು ತೋರಿಸಿದಳು. ಯಾವ ಕುದುರೆಯ ಕಾಲು ಮುರಿದಿದೆ, ಯಾವ ಬಿಲ್ಲುಗಾರನ ಮುಖ ಸವೆದಿದೆ, ಎಲ್ಲವೂ ಅವಳಿಗೆ ಗೊತ್ತು. ಮಂಟಪದೊಳಗೆ ಹೋಗಿ ತಲೆಯೆತ್ತಿ, ಕಮಲದ ಎಸಳುಗಳ ಸುತ್ತುಗಳನ್ನು ಎಣಿಸಿ ಹೇಳಿದಳು.

ಇಷ್ಟೆಲ್ಲ ಯಾವಾಗ ನೋಡಿದೆ ಎಂದು ಸಂತೋಷದಿಂದ ಕೇಳಿದೆನು. ನಮ್ಮ ಇತಿಹಾಸದ ಪಾಠದ ಫಲವೆಂದೇ ತಿಳಿದಿದ್ದೆನು.

ಅವಳು ಕೆಳಗೆ ನೋಡುತ್ತ, “ಗೇಟು ಹಾಕಿದ ದಿನಾ ಇಲ್ಲೇ ಕುಂದರತಿದ್ದೆರಿ” ಎಂದಳು. ಮೂರು ಕೆಂಪು ಗುರುತುಗಳಾದ ಮೇಲೆ ಅಪ್ಪನನ್ನು ಕರೆತರಬೇಕೆಂಬ ಅಂಜಿಕೆಯಿಂದ, ಗೇಟು ಮುಚ್ಚಿದ್ದನ್ನು ದೂರದಿಂದ ಕಂಡೊಡನೆ ತಿರುಗಿ ಇಲ್ಲಿಗೆ ಬಂದು, ಸಾಯಂಕಾಲ ಶಾಲೆ ಬಿಡುವ ಹೊತ್ತಿನ ತನಕ ಕುಳಿತು, ಬುತ್ತಿ ಉಂಡು, ಮನೆಗೆ ಹೋಗುತ್ತಿದ್ದಳು. ಹನ್ನೊಂದು ದಿನಗಳಲ್ಲಿ ಎಷ್ಟು ದಿನವೆಂದು ಕೇಳಿದೆನು. ಆರು ಎಂದಳು. ಏಳನೆಯ ದಿನ ಯಾರೋ ನೋಡಿ ಮನೆಗೆ ತಿಳಿಸಿದ್ದರಿಂದ ತಂದೆ ಬಿಡಿಸಿಬಿಟ್ಟರು. ಒಬ್ಬಳೇ ಹುಡುಗಿ ದಿನವಿಡೀ ಪೇಟೆಯ ನಡುವೆ ಕುಳಿತಿರುತ್ತಾಳೆಂಬುದೇ ಅವರ ನಿಜವಾದ ಭಯವಾಗಿತ್ತು. ಮನೆಗೆ ಬಂದ ಅತಿಥಿಯ ಮುಂದೆ, ನಿಮ್ಮ ಗೇಟಿನ ದೆಸೆಯಿಂದ ಎಂದು ಅನ್ನಲಾರದೆ ಕಾಲುವೆಯ ದಾರಿಯ ಮೇಲೆ ಹಾಕಿದ್ದರು. ನಾನು ಆ ಕಂಬದ ಬುಡದಲ್ಲಿ ಸ್ವಲ್ಪ ಹೊತ್ತು ಕುಳಿತೆನು. ಶಾಲೆಗೆ ಹೋಗುವ ಹೊತ್ತಾಯಿತೆಂದು ಅವಳೇ ನೆನಪು ಮಾಡಿದಳು.

ಸೋಮವಾರದಿಂದ ಗೇಟು ಹತ್ತು ಗಂಟೆಯವರೆಗೆ ತೆರೆದಿರಬೇಕೆಂದೂ, ಆಮೇಲೆ ಬಂದವಳನ್ನೂ ಹೊರಗೆ ನಿಲ್ಲಿಸಬಾರದೆಂದೂ ಗೊತ್ತುಮಾಡಿದೆವು. ಇದರಿಂದ ಶಿಸ್ತು ಕೆಟ್ಟಿತೆಂದು ಕೆಲವು ಪಾಲಕರು ಆಕ್ಷೇಪಿಸಿದರು. ಸ್ವಲ್ಪ ಕೆಟ್ಟದ್ದೂ ನಿಜ. ಪೇಟೆಯಲ್ಲಿಯೇ ಮನೆಯಿದ್ದು ಹತ್ತಕ್ಕೆ ಬರುವವರನ್ನು ನಾನು ಈಗಲೂ ಗದರಿಸುತ್ತೇನೆ. ತಂದೆಯವರು ಹಳ್ಳಿಯ ನಾಲ್ಕು ಜನರನ್ನು ಕೂಡಿಸಿ ಕುಸಿದ ದಂಡೆಗೆ ಎರಡು ಕಲ್ಲುಚಪ್ಪಡಿಗಳನ್ನು ಹಾಕಿಸಿದರು. ಅದೇ ದಾರಿಯ ಮೇಲಿನ ಇನ್ನೆರಡು ಹಳ್ಳಿಗಳ ಹುಡುಗಿಯರು ಕೂಡಿಕೊಂಡು ದೀಪಾವಳಿಯ ಹೊತ್ತಿಗೆ ಏಳು ಜನರಾದರು. ಏಳು ಸೈಕಲ್ಲುಗಳು ಒಟ್ಟಿಗೆ ಬರುವಾಗ ತೂಬಿನ ಮೇಲಿನವರು ಹಾಡುವದನ್ನು ಬಿಟ್ಟರಂತೆ. ಘಂಟೆಗಳ ಗದ್ದಲದಲ್ಲಿ ಅವರ ಹಾಡು ಕೇಳುವದಿಲ್ಲವೆಂದು ಹುಡುಗಿಯರು ಹೇಳುತ್ತಾರೆ. ಆ ಚಳಿಗಾಲದಲ್ಲಿ ನಾನೂ ತಿಂಗಳಿಗೊಮ್ಮೆ ಅವರ ಕೂಡ ಬರುತ್ತಿದ್ದೆನು.

ಸೈಕಲ್ಲು ಹೆಣ್ಣುಮಕ್ಕಳ ಓದಿಗೆ ಇಷ್ಟು ನೆರವಾಗುವದೆಂಬುದು ಹೊಸ ಮಾತಲ್ಲ. ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1991ರ ಸಾಕ್ಷರತೆಯ ಆಂದೋಲನದಲ್ಲಿ ಕಲೆಕ್ಟರರಾಗಿದ್ದ ಶೀಲಾರಾಣಿ ಚುಂಕತ್ ಎಂಬ ಮಹಿಳೆಯು ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿಸಿದರು. ಹಳ್ಳಿಯ ಹೆಂಗಸರು ಸಾವಿರಗಟ್ಟಲೆ ಕಲಿತರು. ಬಿಹಾರದಲ್ಲಿ 2006ರಿಂದ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಸೈಕಲ್ಲಿ‌ಗಾಗಿ ಹಣ ಕೊಟ್ಟರು. ಅದನ್ನು ಪರಿಶೀಲಿಸಿ ಕಾರ್ತಿಕ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು 2017ರಲ್ಲಿ ಪ್ರಕಟಿಸಿದ ಲೇಖನದ ಮೇರೆಗೆ, ಹೈಸ್ಕೂಲಿಗೆ ಸೇರುವ ಹುಡುಗಿಯರ ಪ್ರಮಾಣ ಶೇಕಡಾ 30ಕ್ಕಿಂತಲೂ ಹೆಚ್ಚಾಗಿ ಏರಿ, ಹುಡುಗ ಹುಡುಗಿಯರ ನಡುವಣ ಅಂತರವು ಶೇಕಡಾ 40ರಷ್ಟು ಇಳಿಯಿತು. ಹೈಸ್ಕೂಲು ದೂರವಿದ್ದ ಹಳ್ಳಿಗಳಲ್ಲಿಯೇ ಪರಿಣಾಮ ಹೆಚ್ಚು. ನಮ್ಮ ಶಾಲೆಗೂ ಸೈಕಲ್ಲುಗಳು ಬಂದಿದ್ದವು. ಅವು ಕೊಟ್ಟಿಗೆಯಲ್ಲಿ ಏಕೆ ನಿಂತವೆಂದು ಕೇಳಬೇಕಾದವಳು ನಾನಾಗಿದ್ದೆನು.

ಎಲ್ಲ ದಾರಿಗಳಿಗೂ ಇದೇ ಉಪಾಯ ಸಲ್ಲುವದಿಲ್ಲ. ಶಿಗ್ಗಾಂವಿಯ ಕಡೆಯ ಒಬ್ಬ ಹುಡುಗಿಯ ಮನೆಯು ಹೆದ್ದಾರಿಯ ಆಚೆಗಿತ್ತು. ಪುಣೆ ಬೆಂಗಳೂರ ಲಾರಿಗಳು ಹಗಲಿರುಳು ಓಡುವ ಆ ರಸ್ತೆಯನ್ನು ಸೈಕಲ್ಲಿನ ಮೇಲೆ ದಾಟು ಎಂದು ನಾನು ಯಾವ ತಾಯಿಗೂ ಹೇಳಲಾರೆ. ಅವಳನ್ನು ವಸತಿಗೃಹಕ್ಕೆ ಸೇರಿಸಲು ಪ್ರಯತ್ನಿಸಿದೆವು, ಮನೆಯವರು ಒಪ್ಪಲಿಲ್ಲ, ಅವಳು ಓದು ಬಿಟ್ಟಳು. ಆ ಹೆಸರಿನ ಮೇಲೆಯೂ ನನ್ನ ಕೈಯ ಗೆರೆಯೇ ಬಿದ್ದಿದೆ, ಆದರೆ ಮೂರು ಸಲ ಅವಳ ಮನೆಯ ಮೆಟ್ಟಿಲು ಹತ್ತಿದ ಮೇಲೆ. ಹಿರೇಕೆರೂರ ಸೀಮೆಗೆ ಮದುವೆಯಾಗಿ ಹೋದ ಹಳೆಯ ವಿದ್ಯಾರ್ಥಿನಿಯೊಬ್ಬಳು, ನಮ್ಮ ಸಂಗತಿಯನ್ನು ಕೇಳಿ, ಕುಮುದ್ವತಿಗೆ ಕಟ್ಟಿದ ಮದಗ-ಮಾಸೂರ ಕೆರೆಯ ಕಡೆಯಿಂದ ತನ್ನ ಮಗಳ ಸಂಗಡ ತಾನೂ ಸೈಕಲ್ಲು ತುಳಿಯತೊಡಗಿದ್ದೇನೆಂದು ಬರೆದಿದ್ದಾಳೆ. ಸವಣೂರಿನ ಇನ್ನೊಬ್ಬಳು ತನ್ನ ಶಾಲೆಯ ಮಕ್ಕಳನ್ನು ಅಲ್ಲಿಯ ದೊಡ್ಡಹುಣಸೆಯ ಮರಗಳ ತನಕ ಸೈಕಲ್ಲಿನ ಮೇಲೆ ಕರೆದೊಯ್ದ ಚಿತ್ರವನ್ನು ಕಳಿಸಿದ್ದಾಳೆ. ಆಫ್ರಿಕೆಯಿಂದ ಬಂದ ಆ ಮೂರು ಮಹಾವೃಕ್ಷಗಳ ಬುಡದಲ್ಲಿ ಸೈಕಲ್ಲುಗಳು ಆಟಿಗೆಗಳ ಹಾಗೆ ಕಾಣುತ್ತವೆ.

ಆ ಹುಡುಗಿ 2024ರಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿ ನಮ್ಮ ಶಾಲೆಯಿಂದ ಹೋದಳು. ಆದರೆ ಅದಕ್ಕಿಂತ ಮೊದಲಿನದೊಂದು ದಿನವನ್ನು ಹೇಳಬೇಕು. 2022ರ ನವೆಂಬರದಲ್ಲಿ ಒಂದು ಮಧ್ಯಾಹ್ನ ಗೇಟಿನ ಹೊರಗೆ ಘಂಟೆಯ ಸಪ್ಪಳವಾಯಿತು. ಹೋಗಿ ನೋಡಿದರೆ ಅಕ್ಕ. ತಂಗಿ ಆ ದಿನ ಗೆಳತಿಯ ಸೈಕಲ್ಲಿನ ಕ್ಯಾರಿಯರಿನ ಮೇಲೆ ಬಂದಿದ್ದಳು. ಸೈಕಲ್ಲನ್ನು ಅಕ್ಕ ಕೇಳಿ ಇಟ್ಟುಕೊಂಡಿದ್ದಳು. ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆಗೆ ಕೂಡುವದಕ್ಕೆ ಬರುತ್ತದೆಂದು ಯಾರೋ ಹೇಳಿದರು, ಅರ್ಜಿಯನ್ನು ನೀವು ತುಂಬಿಕೊಡುತ್ತೀರಾ ಎಂದು ನನ್ನ ಮುಖವನ್ನು ನೋಡದೆಯೇ ಕೇಳಿದಳು. ತುಂಬಿಕೊಟ್ಟೆನು. ಸಾಯಂಕಾಲಗಳಲ್ಲಿ ನಮ್ಮ ಶಿಕ್ಷಕಿಯರು ಸರತಿಯಿಂದ ಪಾಠ ಹೇಳಿದರು. 2023ರ ಮಾರ್ಚ–ಏಪ್ರಿಲ್ ಪರೀಕ್ಷೆಯಲ್ಲಿ ಗಣಿತವೊಂದು ಉಳಿಯಿತು. ಜೂನಿನ ಪೂರಕ ಪರೀಕ್ಷೆಗೆ ತಂಗಿಯೇ ಅಕ್ಕನಿಗೆ ಗಣಿತ ಕಲಿಸಿದಳು. ಪಾಸಾದಳು. ಪೇಢೆಯ ಡಬ್ಬಿಯನ್ನು ಕ್ಯಾರಿಯರಿಗೆ ಕಟ್ಟಿಕೊಂಡು ಬಂದವಳು, ಮೊದಲು ಕೇಳಿದ್ದು ಸೈಕಲ್ಲನ್ನು ಎಲ್ಲಿ ನಿಲ್ಲಿಸಲಿ ಎಂದು.

ಸೈಕಲ್ಲುಗಳನ್ನು ಈಗ ಅಡಿಗೆಮನೆಯ ಹಿಂದೆ, ತಗಡಿನ ಮಾಡಿನ ಕೆಳಗೆ ನಿಲ್ಲಿಸುತ್ತೇವೆ. ಈ ವರ್ಷ ಕಾಲುವೆಯ ದಾರಿಯಿಂದ ಹನ್ನೊಂದು ಹುಡುಗಿಯರು ಬರುತ್ತಾರೆ. ಅವರಲ್ಲಿ ಮೂವರಿಗೆ ಸ್ವಂತ ಸೈಕಲ್ಲಿಲ್ಲ. ಹಳೆಯ ವಿದ್ಯಾರ್ಥಿನಿಯರ ಮನೆಗಳಲ್ಲಿ ಉಪಯೋಗವಿಲ್ಲದೆ ನಿಂತ ಸೈಕಲ್ಲುಗಳಿದ್ದರೆ, ಗಾಲಿಯ ಗಾಳಿ ಹೋಗಿದ್ದರೂ ಚಿಂತೆಯಿಲ್ಲ, ಶಾಲೆಗೆ ತಲುಪಿಸಬೇಕೆಂದು ವಿನಂತಿ. ಪಂಪು ನನ್ನ ಕೋಣೆಯಲ್ಲಿದೆ.

— ಮುಖ್ಯೋಪಾಧ್ಯಾಯಿನಿ